ಕೇಳುಗರ ತಲೆಮಾರುಗಳು ಮತ್ತು ಗಾಯಕರ ಹೆಸರು: ಕರ್ನಾಟಕದ ಕೆಲವು ನಿದರ್ಶನಗಳು

1

ಕನ್ನಡದ ಆಡುಮಾತಿನಲ್ಲಿ ಕಲಾವಿದರ ಕೀರ್ತಿಯನ್ನು ಸೂಚಿಸಲು ಬಳಕೆಯಾಗುವ ಪದ 'ಹೆಸರು'. ಗಾಯಕನೊಬ್ಬ ಹೆಸರು ಮಾಡುತ್ತಾನೆ, ಹೆಸರು ಗಳಿಸುತ್ತಾನೆ. ಅವನ ಹೆಸರು ಊರೂರಿಗೆ ಹಬ್ಬುತ್ತದೆ. ಕಾಲಾಂತರದಲ್ಲಿ ಅದೇ ಹೆಸರು ಮಾಸುತ್ತದೆ ಅಥವಾ ಅಳಿಯುತ್ತದೆ. ಈ ನುಡಿಗಟ್ಟುಗಳಲ್ಲಿ ಎರಡು ಬಗೆಯ ಕ್ರಿಯಾಪದಗಳಿವೆ. ಮಾಡುವುದು, ಗಳಿಸುವುದು ಗಾಯಕನಿಗೆ ಸೇರಿದ ಕೆಲಸಗಳು. ಹಬ್ಬುವುದು, ಮಾಸುವುದು, ಅಳಿಯುವುದು ಅವನ ಕೈಮೀರಿದ ಸಂಗತಿಗಳು. ಅವು ಕೇಳುವವರ ನಡುವೆ, ಅನೇಕ ವೇಳೆ ಗಾಯಕನ ಮರಣಾನಂತರ ನಡೆಯುವಂಥವು. ಸಂಗೀತಗಾರರನ್ನು ಕುರಿತ ಕನ್ನಡದ ಬರಹಗಳು ಬಹುಮಟ್ಟಿಗೆ ಮೊದಲನೆಯ ಬಗೆಯ ಕ್ರಿಯೆಗಳನ್ನು ನಿರೂಪಿಸುತ್ತವೆ. ಗುರು ಯಾರು, ಅಭ್ಯಾಸ ಎಷ್ಟು ವರ್ಷ ನಡೆಯಿತು, ಯಾವ ಯಾವ ಪ್ರಶಸ್ತಿಗಳು ದೊರೆತವು ಎಂಬ ವಿವರಗಳಿಗೆ ಅಲ್ಲಿ ಪ್ರಾಶಸ್ತ್ಯ. ಎರಡನೆಯ ಬಗೆಯ ಕ್ರಿಯೆಗಳು, ಎಂದರೆ ಒಂದು ಹೆಸರು ಮುಂದಿನ ತಲೆಮಾರಿನ ಕೇಳುಗರಲ್ಲಿ ಹೇಗೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಪ್ರಶ್ನೆ, ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ.

ಈ ಪ್ರಶ್ನೆಗೆ ಹಿರಿಯ ಕೇಳುಗರಲ್ಲಿ ಸಿದ್ಧವಾದ ಉತ್ತರವೊಂದಿದೆ: ಇಂದಿನವರ ಅಭಿರುಚಿ ಕೆಟ್ಟಿದೆ ಎಂಬುದು. ಪ್ರತಿ ಕಾಲದ ಹಿರಿಯರೂ ತಮ್ಮ ಮುಂದಿನವರ ಬಗೆಗೆ ಇದೇ ಮಾತನ್ನು ಹೇಳುತ್ತ ಬಂದಿರುವುದರಿಂದ ಈ ಉತ್ತರಕ್ಕೆ ವಿವರಣೆಯ ಬಲವಿಲ್ಲ. ಒಂದು ತಲೆಮಾರು ತನಗೆ ಕೇಳಿಸಿದ್ದನ್ನು ಮಾತ್ರ ಮೆಚ್ಚಬಲ್ಲದು ಅಥವಾ ತಿರಸ್ಕರಿಸಬಲ್ಲದು. ಏನು ಕೇಳಿಸುತ್ತದೆ ಎಂಬುದನ್ನು ಆ ಕಾಲದ ಶ್ರವಣಸಾಧನ, ಹಾಡಿನ ಸಂದರ್ಭ ಮತ್ತು ಹೆಸರನ್ನು ಹೊತ್ತು ತರುವ ವ್ಯಕ್ತಿಗಳು ನಿರ್ಧರಿಸುತ್ತಾರೆ. ಹಾಡು ಮತ್ತು ಹಾಡಿದವರ ಹೆಸರು ಒಂದೇ ದಾರಿಯಲ್ಲಿ ಸಾಗಿಬರುವುದೂ ಇಲ್ಲ. ಕೆಲವೆಡೆ ಹೆಸರು ಉಳಿದು ಹಾಡು ಕ್ಷೀಣಿಸುತ್ತದೆ. ಕೆಲವೆಡೆ ಹಾಡು ಉಳಿದು ಹೆಸರು ಕಳಚಿಕೊಳ್ಳುತ್ತದೆ. ಇನ್ನು ಕೆಲವೆಡೆ ಎರಡೂ ನಿದ್ರಿಸಿ ದಶಕಗಳ ನಂತರ ಎಚ್ಚರಗೊಳ್ಳುತ್ತವೆ. ಕರ್ನಾಟಕಕ್ಕೆ ಸಂಬಂಧಿಸಿದ ಕೆಲವು ಗಾಯಕ ಗಾಯಕಿಯರ ನಿದರ್ಶನಗಳ ಮೂಲಕ ಈ ಭಿನ್ನಗತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಜಾನಪದ ಅಧ್ಯಯನದಲ್ಲಿ ಈ ವಿಚಾರಕ್ಕೆ ನೆರವಾಗುವ ಒಂದು ಹಳೆಯ ಪರಿಕಲ್ಪನೆಯಿದೆ. ರೋಮನ್ ಯಾಕಬ್ಸನ್ ಮತ್ತು ಪ್ಯೋತರ್ ಬೊಗಾತಿರೆವ್ ಅವರು 1929ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೌಖಿಕ ರಚನೆಗೂ ಲಿಖಿತ ಕೃತಿಗೂ ಇರುವ ಮೂಲಭೂತ ಅಂತರವನ್ನು ಗುರುತಿಸಿದರು. ಅವರ ಪ್ರಕಾರ, ಸಮುದಾಯ ಒಪ್ಪಿಕೊಂಡದ್ದು ಮಾತ್ರ ಮೌಖಿಕ ಪರಂಪರೆಯಲ್ಲಿ ಉಳಿಯುತ್ತದೆ. ಒಪ್ಪದೆ ಬಿಟ್ಟದ್ದು ಅಲ್ಲಿಗೇ ಇಲ್ಲವಾಗುತ್ತದೆ. ಲಿಖಿತ ಕೃತಿಯ ಸ್ಥಿತಿ ಹೀಗಲ್ಲ. ಸಮಕಾಲೀನರು ಕಡೆಗಣಿಸಿದ ಗ್ರಂಥವೂ ಕಪಾಟಿನಲ್ಲಿ ಉಳಿದು, ನೂರು ವರ್ಷಗಳ ನಂತರ ಓದುಗನೊಬ್ಬನ ಕೈಸೇರಿ ಮತ್ತೆ ಜೀವ ಪಡೆಯಬಹುದು.

ಈ ವಿಂಗಡಣೆಯನ್ನು ಸಂಗೀತಕ್ಕೆ ಅನ್ವಯಿಸಿದರೆ ಇಪ್ಪತ್ತನೆಯ ಶತಮಾನದ ಆರಂಭ ಮಹತ್ವದ ತಿರುವಾಗಿ ಕಾಣುತ್ತದೆ. ಧ್ವನಿಮುದ್ರಣಕ್ಕೆ ಮುಂಚಿನ ಗಾಯಕರೆಲ್ಲರೂ, ಆಸ್ಥಾನ ವಿದ್ವಾಂಸರೂ ಸೇರಿದಂತೆ, ಮೌಖಿಕ ಪರಂಪರೆಯ ನಿಯಮಕ್ಕೆ ಒಳಪಟ್ಟವರು. ಅವರ ಕಂಠ ಅವರೊಡನೆ ಮುಗಿಯಿತು. ಶಿಷ್ಯರ ಕಂಠದಲ್ಲಿ ಮತ್ತು ಜನರ ಕಥೆಗಳಲ್ಲಿ ಉಳಿದದ್ದಷ್ಟೇ ಉಳಿಯಿತು. ಧ್ವನಿಮುದ್ರಣದ ನಂತರದ ಗಾಯಕರು ಅರ್ಧದಷ್ಟು ಲಿಖಿತ ಕೃತಿಯ ಸ್ಥಿತಿಗೆ ಬಂದರು. ಅವರ ಹಾಡು ಯಾರೂ ಕೇಳದಿದ್ದರೂ ಒಂದು ತಟ್ಟೆಯ ಮೇಲೆ ಉಳಿಯಬಲ್ಲದಾಯಿತು.

ಕೇಳುಗರ ಕಡೆಯಿಂದ ನೋಡಿದಾಗ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಅಮೆರಿಕದ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರು ಹೆಚ್ಚು ಇಷ್ಟಪಡುವುದು ತಮಗೆ ಸುಮಾರು ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು. ಅದು ಅಮೆರಿಕದ ಜನಪ್ರಿಯ ಸಂಗೀತವನ್ನು ಕುರಿತ ಅಧ್ಯಯನವಾದ್ದರಿಂದ ಭಾರತೀಯ ಕೇಳುಗರಿಗೆ ಆ ಅಂಕಿಯನ್ನು ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ತಾರುಣ್ಯದಲ್ಲಿ ಕಿವಿಗೆ ಬಿದ್ದದ್ದು ಬದುಕಿನುದ್ದಕ್ಕೂ ಅಳತೆಗೋಲಾಗಿ ನಿಲ್ಲುತ್ತದೆ ಎಂಬ ಅದರ ಇಂಗಿತ ಎಲ್ಲೆಡೆಯ ಅನುಭವಕ್ಕೆ ಹೊಂದುವಂಥದು. ಹಾಗಾಗಿ ಗಾಯಕನೊಬ್ಬನ ಕೀರ್ತಿ ಅವನನ್ನು ತಾರುಣ್ಯದಲ್ಲಿ ಕೇಳಿದವರ ಆಯುಷ್ಯಕ್ಕೆ ಕಟ್ಟುಬಿದ್ದಿರುತ್ತದೆ. ಅವರು ತೀರಿಕೊಂಡ ಮೇಲೂ ಹೆಸರು ಉಳಿಯಬೇಕಾದರೆ ಬೇರೊಂದು ಆಧಾರ ಬೇಕಾಗುತ್ತದೆ.

3

ಆ ಆಧಾರಗಳಲ್ಲಿ ಅತ್ಯಂತ ಹಳೆಯದು ಶಿಷ್ಯಪರಂಪರೆ. ಕುಂದಗೋಳದ ರಾಮಭಾವು ಅವರು (1886–1952) 'ಸವಾಯಿ ಗಂಧರ್ವ' ಎಂಬ ಬಿರುದಿನಿಂದ ಪ್ರಸಿದ್ಧರಾದದ್ದು ಮರಾಠಿ ಸಂಗೀತ ನಾಟಕಗಳ ರಂಗದ ಮೇಲೆ. ಸ್ತ್ರೀಪಾತ್ರಗಳಲ್ಲಿ ಅವರನ್ನು ಕಂಡು ಕೇಳಿ ಮೆಚ್ಚಿದ ಪ್ರೇಕ್ಷಕರ ತಲೆಮಾರು ಕಣ್ಮರೆಯಾಗಿ ಬಹುಕಾಲವಾಗಿದೆ. ಅವರ ಉಳಿದ ಧ್ವನಿಮುದ್ರಿಕೆಗಳಲ್ಲಿ ಹೆಚ್ಚಿನವು ಮೂರು ನಿಮಿಷಗಳ ತಟ್ಟೆಗಳು. ಗಂಟೆಗಟ್ಟಲೆ ವಿಸ್ತರಿಸುವ ಕಿರಾಣಾ ಘರಾಣೆಯ ಖಯಾಲನ್ನು ಇಷ್ಟು ಸಾಮಗ್ರಿಯಿಂದ ಅಳೆಯುವುದು ಕಷ್ಟಸಾಧ್ಯ. ಹೀಗಿದ್ದರೂ ಇಂದಿನ ಯುವ ಕೇಳುಗರಿಗೆ ಅವರ ಹೆಸರು ಅಪರಿಚಿತವಲ್ಲ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಮೊದಲಾದ ಶಿಷ್ಯರು ಅದನ್ನು ಹೊತ್ತು ತಂದರು. ಪುಣೆಯಲ್ಲಿ 1953ರಲ್ಲಿ ಆರಂಭವಾಗಿ ಭೀಮಸೇನ ಜೋಶಿಯವರ ನೇತೃತ್ವದಲ್ಲಿ ಬೆಳೆದ ಸ್ಮಾರಕ ಸಂಗೀತೋತ್ಸವ ಆ ಹೆಸರನ್ನು ಪ್ರತಿ ವರ್ಷ ಸಾವಿರಾರು ಜನರ ಕಿವಿಗೆ ತಲುಪಿಸಿತು. ಕುಂದಗೋಳದಲ್ಲಿಯೂ ಅವರ ಸ್ಮರಣೆಯ ಸಂಗೀತೋತ್ಸವ ನಡೆದುಬಂದಿದೆ.

ಇಲ್ಲಿ ಹೆಸರಿನ ಅರ್ಥ ಕ್ರಮೇಣ ಬದಲಾದುದನ್ನು ಗಮನಿಸಬೇಕು. 1910ರ ದಶಕದ ಪ್ರೇಕ್ಷಕನಿಗೆ ಸವಾಯಿ ಗಂಧರ್ವ ಎಂಬುದು ಒಬ್ಬ ರಂಗನಟನ ಕಂಠ. 1940ರ ದಶಕದ ಸಂಗೀತಾಭ್ಯಾಸಿಗೆ ಅದು ಕಠಿಣ ಶಿಕ್ಷಣ ನೀಡುವ ಗುರು. 1980ರ ದಶಕದ ಯುವಕನಿಗೆ ಅದು ರಾತ್ರಿಯಿಡೀ ನಡೆಯುವ ಒಂದು ಉತ್ಸವ. ಭೀಮಸೇನ ಜೋಶಿಯವರು 2011ರಲ್ಲಿ ನಿಧನರಾದ ಬಳಿಕ ಪುಣೆಯ ಉತ್ಸವದ ಹೆಸರಿನಲ್ಲಿ ಗುರುವಿನೊಡನೆ ಶಿಷ್ಯನ ಹೆಸರೂ ಸೇರಿತು. ಗುರುವಿನಿಂದ ಶಿಷ್ಯನಿಗೆ ಬಂದ ಕೀರ್ತಿ ಹಿಂದಿರುಗಿ ಗುರುವನ್ನು ಬದುಕಿಸಿದ ಈ ಪ್ರಕ್ರಿಯೆಯಲ್ಲಿ, ಹೆಸರು ಉಳಿದು ಹಾಡು ಹಿಂದೆ ಸರಿದಿದೆ.

ಎರಡನೆಯ ಆಧಾರ ಕಥೆ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ ಬಾಲಕ ಭೀಮಸೇನ ಗದಗಿನ ಮನೆಯನ್ನು ತೊರೆದು ಗುರುವನ್ನರಸಿ ಉತ್ತರ ಭಾರತದಲ್ಲಿ ಅಲೆದ ವೃತ್ತಾಂತ ಉತ್ತರ ಕರ್ನಾಟಕದಲ್ಲಿ ಮನೆಮಾತಾಗಿದೆ. ಮನೆ ಬಿಡುವುದು, ಟಿಕೆಟ್ ಇಲ್ಲದ ರೈಲು ಪ್ರಯಾಣ, ದೂರದ ಊರುಗಳಲ್ಲಿನ ಸೇವೆ, ಕೊನೆಗೆ ತನ್ನ ಸೀಮೆಯಲ್ಲಿಯೇ ಗುರುವಿನ ದರ್ಶನ ಎಂಬ ಇದರ ಆಶಯಗಳು ಜನಪದ ಕಥೆಗಳ ಸಾಹಸಯಾತ್ರೆಯ ವಿನ್ಯಾಸಕ್ಕೆ ಸಮೀಪವಾಗಿವೆ. ವೃತ್ತಾಂತ ನಿಜವಾಗಿದ್ದೂ ಕಥೆಯ ಆಕಾರ ಪಡೆದಿರುವುದರಿಂದಲೇ ಅದು ಸುಲಭವಾಗಿ ದಾಟಿಬಂದಿದೆ. ಖಯಾಲಿನ ಸೂಕ್ಷ್ಮಗಳನ್ನು ಅರಿಯದವರೂ ಈ ಕಥೆಯ ಮೂಲಕ 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಹೆಸರನ್ನು ಬಲ್ಲರು.

4

ಶಿಷ್ಯರೂ ಕಥೆಗಳೂ ಕೈಬಿಟ್ಟಾಗ ತಟ್ಟೆಯೊಂದೇ ಉಳಿಯುತ್ತದೆ. ಗೌಹರ್ ಜಾನ್ (1873–1930) ಇದಕ್ಕೆ ಅತ್ಯುತ್ತಮ ನಿದರ್ಶನ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಈಕೆ ಭಾರತದ ಧ್ವನಿಮುದ್ರಣ ಚರಿತ್ರೆಯ ಆದ್ಯರಲ್ಲೊಬ್ಬರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ತಟ್ಟೆಗಳಿಗೆ ಹಾಡಿ, ದೇಶದಾದ್ಯಂತ ಮನೆಮಾತಾಗಿದ್ದ ಈಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಶ್ರಯ ಪಡೆದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ನಿಧನರಾದರು. ಅವರ ತಾರುಣ್ಯದ ಕೇಳುಗರು ಕಲ್ಕತ್ತೆಯಲ್ಲಿದ್ದರು. ಮೈಸೂರಿನ ಕೇಳುಗರು ಬೇರೊಂದು ಸಂಗೀತ ಪದ್ಧತಿಯಲ್ಲಿ ಬೆಳೆದವರಾಗಿದ್ದರು. ತವಾಯಫರನ್ನು ಸಾರ್ವಜನಿಕ ವೇದಿಕೆಯಿಂದ ದೂರವಿಡುವ ಪ್ರವೃತ್ತಿಯೂ ಆ ಕಾಲದಲ್ಲಿ ಬಲವಾಗುತ್ತಿತ್ತು. ಹೀಗಾಗಿ ಆ ಹೆಸರು ಹಲವು ದಶಕಗಳ ಕಾಲ ಹಳೆಯ ತಟ್ಟೆಗಳ ಸಂಗ್ರಾಹಕರ ವಲಯದಲ್ಲಷ್ಟೇ ಉಳಿಯಿತು. ವಿಕ್ರಮ್ ಸಂಪತ್ ಅವರ ಜೀವನಚರಿತ್ರೆ 2010ರಲ್ಲಿ ಪ್ರಕಟವಾದ ನಂತರ ಗೌಹರ್ ಜಾನ್ ಹೊಸ ತಲೆಮಾರಿನ ಓದುಗರ, ರಂಗಕರ್ಮಿಗಳ, ಕೇಳುಗರ ಆಸಕ್ತಿಯ ಕೇಂದ್ರವಾದರು. ಈ ಹೊಸ ತಲೆಮಾರು ಅವರಲ್ಲಿ ಕಂಡದ್ದು ಒಬ್ಬ ಠುಮ್ರಿ ಗಾಯಕಿಯನ್ನು ಮಾತ್ರವಲ್ಲದೆ, ಹೊಸ ತಂತ್ರವನ್ನು ನಿರ್ಭಯವಾಗಿ ಎದುರಿಸಿದ ಸ್ವತಂತ್ರ ಸ್ತ್ರೀಯನ್ನು.

ಗೌಹರ್ ಜಾನರ ತಟ್ಟೆಗಳಲ್ಲಿನ ಒಂದು ವಿವರ ಇಲ್ಲಿ ಪ್ರಸ್ತುತ. ಹಾಡು ಮುಗಿಯುತ್ತಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಘೋಷಿಸುತ್ತಾರೆ. ಮೇಣದ ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗುತ್ತಿದ್ದುದರಿಂದ, ಭಾಷೆ ತಿಳಿಯದ ಅಲ್ಲಿನ ತಂತ್ರಜ್ಞರಿಗೆ ಹಾಡು ಯಾರದೆಂದು ತಿಳಿಸಲು ಈ ಕ್ರಮ ಬಳಕೆಯಲ್ಲಿತ್ತು. ಕನ್ನಡ ಪರಂಪರೆಯ ದೃಷ್ಟಿಯಿಂದ ಇದನ್ನು ಅಂಕಿತಕ್ಕೆ ಹೋಲಿಸಬಹುದು. ವಚನಕಾರರು, ಹರಿದಾಸರು, ತತ್ವಪದಕಾರರು ರಚನೆಯ ಒಡಲಿನಲ್ಲಿಯೇ ಅಂಕಿತವನ್ನಿಟ್ಟರು. ಲಿಪಿಕಾರ ಬದಲಾದರೂ, ಹಾಡುವವರು ಬದಲಾದರೂ ಪುರಂದರವಿಠಲ ಎಂಬ ಅಂಕಿತ ರಚನೆಯ ಒಡೆತನವನ್ನು ಸಾರುತ್ತಲೇ ಇರುತ್ತದೆ. ರಚನಕಾರನ ಹೆಸರನ್ನು ಕಾಪಾಡಲು ಇಂಥ ಸಮರ್ಥ ಉಪಾಯವನ್ನು ಕಂಡುಕೊಂಡ ಪರಂಪರೆಯಲ್ಲಿ ಹಾಡುವವರ ಹೆಸರಿಗೆ ಅಂಥ ಏರ್ಪಾಡಿರಲಿಲ್ಲ. ತಟ್ಟೆಯ ಮೇಲಿನ ಸ್ವಘೋಷಣೆ ಅಲ್ಪಕಾಲ ಆ ಕೊರತೆಯನ್ನು ತುಂಬಿತು.

ಅದಿಲ್ಲದೆ ಹೋದಾಗ ಏನಾಗುತ್ತದೆ ಎಂಬುದನ್ನು ಚಲನಚಿತ್ರ ಸಂಗೀತ ತೋರಿಸುತ್ತದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1940ರ ದಶಕದ ಹಿಂದಿ ಚಿತ್ರಗಳ ಅಗ್ರಗಣ್ಯ ಗಾಯಕಿಯರಲ್ಲೊಬ್ಬರು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನಗೊಂಡ 'ಕಿಸ್ಮತ್' (1943) ಚಿತ್ರದ ಗೀತೆಗಳು ಅವರ ಹೆಸರನ್ನು ದೇಶವ್ಯಾಪಿಯಾಗಿಸಿದವು. 1949ರಲ್ಲಿ ಬಂದ 'ಮಹಲ್' ಚಿತ್ರದೊಡನೆ ಲತಾ ಮಂಗೇಶ್ಕರರ ತೆಳುವಾದ, ಏರುಸ್ಥಾಯಿಯ ಕಂಠ ಹೊಸ ಮಾದರಿಯಾಗಿ ನೆಲೆಗೊಂಡಿತು. ಆ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಮೊದಲಿಗೆ ಮುದ್ರಿತವಾದದ್ದು ಲತಾ ಅವರ ಹೆಸರಲ್ಲ, 'ಕಾಮಿನಿ' ಎಂಬ ಪಾತ್ರದ ಹೆಸರು. ಗಾಯಕಿಯ ಹೆಸರಿಗಾಗಿ ಕೇಳುಗರು ಆಗ್ರಹಿಸತೊಡಗಿದುದು ಆ ಕಾಲದಲ್ಲಿಯೇ. ಅಮೀರಬಾಯಿಯವರ ತುಂಬುಕಂಠ ಕೆಲವೇ ವರ್ಷಗಳಲ್ಲಿ ಹಳೆಯ ಕಾಲದ ದನಿಯೆನಿಸಿತು. 1965ರಲ್ಲಿ ಅವರು ನಿಧನರಾದಾಗ ಹೊಸ ತಲೆಮಾರಿಗೆ ಅವರ ಪರಿಚಯ ಅಷ್ಟಾಗಿ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, 1947ರಲ್ಲಿ ತೀರಿಕೊಂಡ ಸೈಗಲ್ ಅವರ ಹಾಡನ್ನು ರೇಡಿಯೋ ಸಿಲೋನ್ ತನ್ನ ಹಳೆಯ ಗೀತೆಗಳ ಬೆಳಗಿನ ಕಾರ್ಯಕ್ರಮದ ಕೊನೆಯಲ್ಲಿ ದಶಕಗಳ ಕಾಲ ಪ್ರತಿದಿನ ಪ್ರಸಾರ ಮಾಡಿತು; ಅವರನ್ನು ಕಾಣದ ತಲೆಮಾರುಗಳೂ ಆ ಕಂಠವನ್ನು ಗುರುತಿಸಿದವು. ಇಬ್ಬರ ಕೀರ್ತಿಯ ಅಂತರದಲ್ಲಿ ಪ್ರತಿಭೆಯ ಪಾಲೆಷ್ಟು, ನಿತ್ಯಪ್ರಸಾರದ ಪಾಲೆಷ್ಟು ಎಂಬುದು ಚಿಂತನಾರ್ಹ. ಅಮೀರಬಾಯಿಯವರ ಬದುಕನ್ನು ಕುರಿತು ರಹಮತ್ ತರೀಕೆರೆಯವರು ರಚಿಸಿದ ಕೃತಿಯಿಂದ ಆ ಹೆಸರು ಕನ್ನಡದಲ್ಲಿ ಮರಳಿ ಚರ್ಚೆಗೆ ಬಂದಿತು. ಮರೆತ ಗಾಯಕಿಯರಿಬ್ಬರನ್ನೂ ಎಚ್ಚರಿಸಿದವರು ಸಂಶೋಧಕರೆಂಬುದು ಗಮನಾರ್ಹ.

5

ಕೀರ್ತಿ ತಡವಾಗಿ ಏರಿದ ನಿದರ್ಶನವನ್ನೂ ನೋಡಬೇಕು. ಧಾರವಾಡ ಸಮೀಪದ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರ ಅವರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ನಂತರ ಮಂಜೀಖಾನ್ ಮತ್ತು ಬುರ್ಜೀಖಾನ್ ಅವರಲ್ಲಿ ಜೈಪುರ-ಅತ್ರೌಲಿ ಗಾಯಕಿಯನ್ನೂ ಕಲಿತರು. 1930ರ ದಶಕದಲ್ಲಿಯೇ ಅವರ ಗ್ರಾಮಫೋನ್ ತಟ್ಟೆಗಳು ಹೊರಬಂದಿದ್ದವು. ಆದರೂ ರಾಷ್ಟ್ರಮಟ್ಟದ ಮನ್ನಣೆ ದೊರೆತದ್ದು ಅರವತ್ತರ ಪ್ರಾಯದ ಆಸುಪಾಸಿನಲ್ಲಿ. ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ಅವರು ನಿಧನರಾದ 1992ರಲ್ಲಿ ಸಂದವು.

ಈ ವಿಳಂಬಕ್ಕೆ ಅವರ ಸಂಕೋಚದ ಸ್ವಭಾವ, ಧಾರವಾಡವನ್ನು ಬಿಡದ ಬದುಕು ಮೊದಲಾದ ಕಾರಣಗಳನ್ನು ಕೊಡುವುದು ರೂಢಿ. ಶ್ರವಣಸಾಧನದ ಕಾರಣವನ್ನೂ ಇವುಗಳೊಡನೆ ಸೇರಿಸಬೇಕಾಗಿದೆ. ಜೈಪುರ ಘರಾಣೆಯ ವೈಶಿಷ್ಟ್ಯವಿರುವುದು ಶಿವಮತ ಭೈರವ, ಖಟ್, ಬಹಾದೂರಿ ತೋಡಿಯಂಥ ಅಪರೂಪದ, ಜೋಡು ರಾಗಗಳಲ್ಲಿ ಮತ್ತು ಉಸಿರಿಗೆ ಉಸಿರು ಹೆಣೆದುಕೊಂಡು ತಾಳದ ಆವರ್ತನಗಳಲ್ಲಿ ಮುನ್ನಡೆಯುವ ಕಟ್ಟಡದಲ್ಲಿ. ಮೂರು ನಿಮಿಷದ ತಟ್ಟೆಯಲ್ಲಿ ಇಂಥ ರಾಗದ ಚಹರೆ ಮೂಡುವಷ್ಟರಲ್ಲಿ ಹಾಡು ಮುಗಿಯುತ್ತದೆ. ಒಂದು ಬದಿಗೆ ಇಪ್ಪತ್ತು ನಿಮಿಷಗಳಷ್ಟು ಹಿಡಿಯುವ ಲಾಂಗ್ ಪ್ಲೇ ತಟ್ಟೆ, ಆಕಾಶವಾಣಿಯ ದೀರ್ಘ ಪ್ರಸಾರ, ರಸಿಕರು ಖಾಸಗಿಯಾಗಿ ಮಾಡಿಕೊಂಡ ಟೇಪುಗಳು ಬಂದಾಗ ಈ ಗಾಯಕಿಗೆ ತಕ್ಕ ಪಾತ್ರೆ ಸಿಕ್ಕಿದಂತಾಯಿತು. 1970ರ ದಶಕದ ಯುವ ರಸಿಕರಿಗೆ ಮನಸೂರರು ಹಳಬರಾಗಿ ಕಾಣಲಿಲ್ಲ. ಅಪೂರ್ವ ರಾಗಗಳ ಹೊಸ ಪ್ರಪಂಚವನ್ನು ತೆರೆದವರಾಗಿ ಕಂಡರು. ಸಾಧನದ ಬದಲಾವಣೆ ಒಬ್ಬರ ಕೀರ್ತಿಯನ್ನು ಇಳಿಸುವಂತೆ ಇನ್ನೊಬ್ಬರದನ್ನು ಏರಿಸಲೂಬಲ್ಲದೆಂಬುದಕ್ಕೆ ಇದು ನಿದರ್ಶನ.

6

ಹಾಡು ಉಳಿದು ಹೆಸರು ಕಳಚಿಕೊಳ್ಳುವ ಗತಿಯನ್ನು ಕನ್ನಡದ ಭಾವಗೀತೆ, ಅಂದರೆ ಸುಗಮ ಸಂಗೀತ, ಸ್ಪಷ್ಟವಾಗಿ ತೋರಿಸುತ್ತದೆ. ಪಿ. ಕಾಳಿಂಗರಾಯರು (1914–1981) ನವೋದಯ ಕವಿಗಳ ರಚನೆಗಳನ್ನೂ ಜನಪದ ಗೀತೆಗಳನ್ನೂ ವೇದಿಕೆಗೆ ತಂದು, ಮೋಹನಕುಮಾರಿ ಮತ್ತು ಸೋಹನಕುಮಾರಿಯವರೊಡನೆ ನಾಡಿನಾದ್ಯಂತ ಹಾಡಿದರು. ಕವಿತೆಯನ್ನು ಓದುವುದಕ್ಕಿಂತ ಕೇಳುವುದರ ಮೂಲಕ ಅರಿತ ಅಸಂಖ್ಯ ಕನ್ನಡಿಗರಿಗೆ ರಾಜರತ್ನಂ ಅವರ ರತ್ನನ ಮಾತು ತಲುಪಿದ್ದು ಕಾಳಿಂಗರಾಯರ ಕಂಠದಿಂದ. ಅವರ ಕಾಲದ ಸಾಧನಗಳು ಸಭೆ, ರೇಡಿಯೋ ಮತ್ತು ಗ್ರಾಮಫೋನ್.

1970ರ ದಶಕದ ಕೊನೆಯ ವೇಳೆಗೆ ಭಾರತದಲ್ಲಿ ಧ್ವನಿಸುರುಳಿ ಅಥವಾ ಕ್ಯಾಸೆಟ್ ಹರಡತೊಡಗಿತು. ಅಗ್ಗದ ಈ ಸಾಧನ ದೊಡ್ಡ ಕಂಪನಿಗಳ ಏಕಸ್ವಾಮ್ಯವನ್ನು ಮುರಿದು ಪ್ರಾದೇಶಿಕ ಸಂಗೀತಕ್ಕೆ ಮಾರುಕಟ್ಟೆಯನ್ನು ತೆರೆದುದನ್ನು ಪೀಟರ್ ಮ್ಯಾನ್ಯುಯೆಲ್ 1993ರ ತಮ್ಮ ಗ್ರಂಥದಲ್ಲಿ ವಿವರವಾಗಿ ನಿರೂಪಿಸಿದ್ದಾರೆ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಸಾಮಾನ್ಯವಾಗಿ ಗುರುತಿಸಲಾಗುವ, ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ (1936–1995) ಸಂಗೀತದಲ್ಲಿ 1978ರಲ್ಲಿ ಹೊರಬಂದಿತು. ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವಥ್ ಮೊದಲಾದವರ ಹೆಸರು ಮನೆಮನೆಗೆ ತಲುಪಿದ್ದು ಇದೇ ಸಾಧನದಿಂದ. ಕ್ಯಾಸೆಟ್ ಯುಗದ ಯುವಕ ಯುವತಿಯರಿಗೆ ಭಾವಗೀತೆಯೆಂದರೆ ಅನಂತಸ್ವಾಮಿ ಮತ್ತು ಅಶ್ವಥ್. ಗ್ರಾಮಫೋನ್ ಯಂತ್ರಗಳು ಅಟ್ಟ ಸೇರಿದ್ದ ಆ ಮನೆಗಳಲ್ಲಿ ಕಾಳಿಂಗರಾಯರು ತಂದೆ ತಾಯಿಯರ ನೆನಪಿನ ಹೆಸರಾಗಿ ಉಳಿದರು. ಅವರು ಹಾಡಿದ ಗೀತೆಗಳು ಮಾತ್ರ ಮರೆಯಾಗಲಿಲ್ಲ. ಹೊಸ ಕಂಠಗಳಲ್ಲಿ, ಕೆಲವೊಮ್ಮೆ ಅವರದೇ ಮಟ್ಟಿನಲ್ಲಿ, ಅವರ ಹೆಸರಿಲ್ಲದೆ ಮುಂದುವರಿದವು.

ಕುವೆಂಪು ಅವರ ನಾಡಗೀತೆಯ ಪ್ರಕರಣ ಇನ್ನೂ ಬೋಧಪ್ರದವಾಗಿದೆ. ಆ ಕವಿತೆಯನ್ನು ಕರ್ನಾಟಕ ಸರ್ಕಾರ 2004ರ ಜನವರಿಯಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. ಯಾವ ಧಾಟಿಯಲ್ಲಿ ಹಾಡಬೇಕು ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗಲಿಲ್ಲ. ಅನಂತಸ್ವಾಮಿಯವರ ಮತ್ತು ಅಶ್ವಥ್ ಅವರ ಧಾಟಿಗಳ ಪರವಾಗಿ ಶಿಷ್ಯರೂ ಅಭಿಮಾನಿಗಳೂ ವಾದಿಸಿದರು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷಗಳ ಅವಧಿಯಲ್ಲಿ ಹಾಡಬೇಕೆಂದು ಆದೇಶಿಸಿತು. ಆಗ ಅನಂತಸ್ವಾಮಿಯವರು ನಿಧನರಾಗಿ ಇಪ್ಪತ್ತೇಳು ವರ್ಷ, ಅಶ್ವಥ್ ಅವರು ನಿಧನರಾಗಿ ಸುಮಾರು ಹದಿಮೂರು ವರ್ಷ ಕಳೆದಿತ್ತು. ಆದೇಶದ ಫಲವಾಗಿ ರಾಜ್ಯದ ಶಾಲಾಮಕ್ಕಳ ಕಂಠದಲ್ಲಿ ಆ ಧಾಟಿ ನೆಲೆಸುವ ಅವಕಾಶ ದೊರೆಯಿತು. ಸಂಗೀತಗಾರನೊಬ್ಬನಿಗೆ ಇದಕ್ಕಿಂತ ವ್ಯಾಪಕವಾದ ಮನ್ನಣೆಯನ್ನು ಊಹಿಸುವುದು ಕಷ್ಟ. ಆದರೆ ಗೀತೆಯನ್ನು ಹಾಡುವ ಮಗುವಿಗೆ ಕವಿಯ ಹೆಸರನ್ನು ಪಠ್ಯಪುಸ್ತಕ ಹೇಳಿಕೊಡುತ್ತದೆ. ಧಾಟಿ ಮಾತ್ರ ಮೊದಲಿನಿಂದಲೂ ಹಾಗೆಯೇ ಇದ್ದುದೆಂಬಂತೆ ಕಿವಿಯಿಂದ ಕಿವಿಗೆ ಸಾಗುತ್ತದೆ. ಸಮುದಾಯದ ಒಡೆತನಕ್ಕೆ ಸೇರಿದ ಹಾಡು ಕರ್ತೃವಿನ ಹೆಸರನ್ನು ಕಳಚಿಕೊಳ್ಳುವುದು ಜಾನಪದದ ಸಾಮಾನ್ಯ ನಿಯಮ. ಇಂಥಲ್ಲಿ ಹೆಸರಿನ ಇಳಿಕೆಯನ್ನು ಕಲೆಯ ಸೋಲೆಂದು ತಿಳಿಯುವುದು ಸರಿಯಾಗದು. ಹಾಡು ಪೂರ್ಣವಾಗಿ ಗೆದ್ದುದರ ಲಕ್ಷಣವೂ ಅದಾಗಿರಬಹುದು.

7

ಇದೇ ನಿಯಮದ ಇನ್ನೊಂದು ಮುಖ ಜನಪದ ಗಾಯಕರ ವಿಷಯದಲ್ಲಿ ಕಾಣುತ್ತದೆ. ಶಿಶುನಾಳ ಷರೀಫರ (1819–1889) ತತ್ವಪದಗಳು ಅವರ ಕಾಲದಿಂದ ಮುಂದೆ ಸುಮಾರು ಒಂದು ಶತಮಾನದ ಕಾಲ ಇಂದಿನ ಹಾವೇರಿ, ಧಾರವಾಡ, ಗದಗ ಸೀಮೆಯ ಭಜನಾ ಮೇಳಗಳಲ್ಲಿ ಜೀವಂತವಾಗಿದ್ದವು. ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯಿಡೀ ಹಾಡಿ ಅವನ್ನು ಉಳಿಸಿದವರು ಹಳ್ಳಿಯ ಭಜನಕಾರರು. ಸುಬ್ಬಣ್ಣ ಮತ್ತು ಅಶ್ವಥ್ ಅವರ ಧ್ವನಿಸುರುಳಿಗಳಿಂದ, ಟಿ.ಎಸ್. ನಾಗಾಭರಣ ಅವರ ನಿರ್ದೇಶನದ 'ಸಂತ ಶಿಶುನಾಳ ಷರೀಫ' (1990) ಚಲನಚಿತ್ರದಿಂದ ಷರೀಫರ ಹೆಸರು ರಾಜ್ಯವ್ಯಾಪಿಯಾಯಿತು. ನಗರದ ಹೊಸ ಕೇಳುಗರು ಅಶ್ವಥ್ ಅವರ ಮಟ್ಟುಗಳನ್ನೇ ಷರೀಫರ ಪರಂಪರೆಯ ಮಟ್ಟುಗಳೆಂದು ಭಾವಿಸಿದರು. ಷರೀಫರ ಹೆಸರು ಅಂಕಿತದ ಬಲದಿಂದ ಉಳಿಯಿತು. ಅಶ್ವಥ್ ಅವರ ಹೆಸರು ಧ್ವನಿಸುರುಳಿಯ ಹೊದಿಕೆಯ ಮೇಲೆ ಉಳಿಯಿತು. ಇವೆರಡರ ನಡುವಿನ ನೂರು ವರ್ಷಗಳ ಭಜನಕಾರರಿಗೆ ಅಂಕಿತವೂ ಇರಲಿಲ್ಲ, ಹೊದಿಕೆಯೂ ಇರಲಿಲ್ಲ.

ಮುದ್ರಣದಲ್ಲಿಯೂ ಇದೇ ಕಥೆ. 1931ರಲ್ಲಿ ಪ್ರಕಟವಾದ 'ಗರತಿಯ ಹಾಡು' ಕನ್ನಡ ಜಾನಪದ ಸಂಗ್ರಹದ ಮೈಲಿಗಲ್ಲು. ಹಲಸಂಗಿ ಗೆಳೆಯರ ಹೆಸರು ಕನ್ನಡ ಓದುಗರಿಗೆ ಚಿರಪರಿಚಿತ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಆ ತ್ರಿಪದಿಗಳನ್ನು ಹಾಡಿದ ಹೆಣ್ಣುಮಕ್ಕಳು ಆ ಪರಿಚಯದ ವಲಯಕ್ಕೆ ಬಂದಿಲ್ಲ. ಅವರಲ್ಲಿಯೂ ಊರು ಮೆಚ್ಚಿದ ಕಂಠಗಳಿದ್ದವು, ಮದುವೆಗೆ ಕರೆಸಿ ಹಾಡಿಸಲಾಗುತ್ತಿದ್ದ ಹೆಸರುವಾಸಿಗಳಿದ್ದರು. ಜನಪದರಲ್ಲಿ ಗಾಯಕರ ಹೆಸರೇ ಇರುವುದಿಲ್ಲವೆಂಬ ಗ್ರಹಿಕೆ ನಿಜವಲ್ಲ. ಆ ಹೆಸರು ಊರಿನ ಸೀಮೆಯನ್ನೂ ಒಂದೆರಡು ತಲೆಮಾರಿನ ಕಾಲವನ್ನೂ ದಾಟಲು ವಾಹಕವಿರಲಿಲ್ಲ ಎಂಬುದಷ್ಟೇ ನಿಜ.

ಈಚಿನ ದಶಕಗಳಲ್ಲಿ ಈ ಸ್ಥಿತಿ ಭಾಗಶಃ ಬದಲಾಗಿದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಮತ್ತು ಅವರ ಸಹಸಂಶೋಧಕರು 1990ರಲ್ಲಿ ದಾಖಲಿಸಿದ ತುಳು ಸಿರಿ ಮಹಾಕಾವ್ಯ 15,683 ಸಾಲುಗಳಲ್ಲಿ 1998ರಲ್ಲಿ ಪ್ರಕಟವಾದಾಗ, ಅದು ಗೋಪಾಲ ನಾಯ್ಕರು ಹಾಡಿದ ಪಾಠವೆಂಬುದು ಗ್ರಂಥದ ಶೀರ್ಷಿಕೆಯಲ್ಲಿಯೇ ನಮೂದಾಯಿತು. ಬುರ್ರಕಥೆಯ ದರೋಜಿ ಈರಮ್ಮನವರು (ನಿಧನ 2014), ಅಂಕೋಲೆಯ ಹಾಲಕ್ಕಿ ಗಾಯಕಿ ಸುಕ್ರಿ ಬೊಮ್ಮಗೌಡ ಅವರು (ಪದ್ಮಶ್ರೀ 2017, ನಿಧನ 2025) ತಮ್ಮ ಹೆಸರಿನಿಂದಲೇ ನಾಡಿಗೆ ಪರಿಚಿತರಾದರು. ಆದರೆ ಇವರ ಕೀರ್ತಿಯನ್ನು ಎತ್ತಿ ಹಿಡಿದವರು ಬಹುಮಟ್ಟಿಗೆ ಹೊರಗಿನ ಕೇಳುಗರು: ವಿದ್ವಾಂಸರು, ಅಕಾಡೆಮಿಗಳು, ಪತ್ರಿಕೆಗಳು. ನಾಟಿಯ ಗದ್ದೆ, ಮದುವೆಯ ಚಪ್ಪರ, ಊರಿಂದೂರಿಗೆ ಸಾಗುವ ಕಥನವೃತ್ತಿ ಮೊದಲಾದ ಹಾಡಿನ ಸಂದರ್ಭಗಳು ಕ್ಷೀಣಿಸಿದಂತೆ, ಸಮುದಾಯದೊಳಗಿನ ಕಿರಿಯರಿಗೆ ಆ ಹಾಡನ್ನು ಕೇಳುವ ಅವಕಾಶವೇ ಕಡಿಮೆಯಾಯಿತು. ಪ್ರಶಸ್ತಿಯ ಸುದ್ದಿಯಿಂದ ಹೆಸರನ್ನು ಬಲ್ಲ, ಹಾಡನ್ನು ಕೇಳಿರದ ಕಿರಿಯರ ತಲೆಮಾರು ರೂಪುಗೊಳ್ಳುವ ಸಾಧ್ಯತೆ ಇಲ್ಲಿದೆ. ಸವಾಯಿ ಗಂಧರ್ವರ ವಿಷಯದಲ್ಲಿ ನೂರು ವರ್ಷಗಳಲ್ಲಿ ನಡೆದದ್ದು ಇಲ್ಲಿ ಒಂದೇ ತಲೆಮಾರಿನಲ್ಲಿ ನಡೆಯಬಹುದು.

8

ಒಟ್ಟಾರೆ, ಈ ನಿದರ್ಶನಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಗಾಯಕರ ಕೀರ್ತಿಯ ಏರಿಳಿತವನ್ನು ಕಿರಿಯರ ಅಭಿರುಚಿಯ ಏರಿಳಿತವೆಂದು ಓದುವುದು ಸಾಲದು. ಮೂರು ನಿಮಿಷದ ತಟ್ಟೆ ಮನಸೂರರನ್ನು ಪೂರ್ಣವಾಗಿ ತಲುಪಿಸಲಿಲ್ಲ; ಕ್ಯಾಸೆಟ್ ಕಾಳಿಂಗರಾಯರನ್ನು ಹಿಂದೆ ಬಿಟ್ಟಿತು; ನಿತ್ಯಪ್ರಸಾರ ಸೈಗಲ್‌ರನ್ನು ಉಳಿಸಿತು. ಮಲಗಿದ ಹೆಸರುಗಳು ಎಚ್ಚರಗೊಂಡುದು ಮುದ್ರಿಕೆ ಉಳಿದಿದ್ದಾಗ ಮತ್ತು ಅದನ್ನು ಹುಡುಕಿ ಹೊರಟವರು ಇದ್ದಾಗ ಮಾತ್ರ. ಅಂತರ್ಜಾಲದ ಇಂದಿನ ಕೇಳುಗರಿಗೆ ಹಿಂದಿನ ಯಾವ ತಲೆಮಾರಿಗೂ ಇರದಷ್ಟು ಹಳೆಯ ಧ್ವನಿಗಳು ಲಭ್ಯವಾಗಿವೆ. ಅಲ್ಲಿ ಹುಡುಕಾಟ ನಡೆಯುವುದು ಹೆಸರಿನಿಂದ. ಹೆಸರು ನಮೂದಾಗದ ಅಥವಾ ತಪ್ಪು ಹೆಸರಿನಡಿ ಸೇರಿದ ಧ್ವನಿ ಅಲ್ಲಿದ್ದೂ ಇಲ್ಲದಂತೆಯೇ.

ಗ್ರಂಥಾಲಯಗಳ ಮತ್ತು ಸಂಶೋಧಕರ ಹೊಣೆ ಇಲ್ಲಿಂದ ಸ್ಪಷ್ಟವಾಗುತ್ತದೆ. 1978ರ ನಂತರದ ಕನ್ನಡ ಧ್ವನಿಸುರುಳಿಗಳಿಗೆ ಐದು ದಶಕಗಳ ವಯಸ್ಸು ಸಮೀಪಿಸಿದೆ. ಕಾಂತಟೇಪು ಶಿಥಿಲವಾಗುವ ವಸ್ತು, ಅದನ್ನು ನುಡಿಸುವ ಯಂತ್ರಗಳೂ ವಿರಳವಾಗಿವೆ. ಅವುಗಳ ಸಂಗ್ರಹದಲ್ಲಿ ಕವಿಯ ಹೆಸರಿನೊಡನೆ ಹಾಡಿದವರ, ಧಾಟಿ ಕೂಡಿಸಿದವರ, ಹಿಮ್ಮೇಳದವರ ಹೆಸರುಗಳನ್ನೂ ಹೊದಿಕೆಯ ಮೇಲಿನ ವಿವರಗಳನ್ನೂ ಸೂಚಿಯಲ್ಲಿ ದಾಖಲಿಸಬೇಕಾಗಿದೆ. ಕ್ಷೇತ್ರಕಾರ್ಯದ ಟೇಪುಗಳಲ್ಲಿ ಹಾಡುಗಾರರ ಹೆಸರು, ಊರು, ಅವರು ಯಾರಿಂದ ಕಲಿತರು ಎಂಬ ವಿವರ ಹಾಡಿನ ಪಾಠದಷ್ಟೇ ಮುಖ್ಯ. ಕೇಳುಗರ ನೆನಪನ್ನು ದಾಖಲಿಸುವ ಕಾರ್ಯವೂ ಇದರೊಡನೆ ನಡೆಯಬೇಕು. ಕಾಳಿಂಗರಾಯರನ್ನು 1955ರ ಸುಮಾರಿಗೆ ಇಪ್ಪತ್ತರ ಪ್ರಾಯದಲ್ಲಿ ಕೇಳಿದವರು ಈಗ ತೊಂಬತ್ತನ್ನು ಮುಟ್ಟಿದ್ದಾರೆ. ಆ ಸಭೆಗಳಲ್ಲಿ ಯಾವ ಹಾಡಿಗೆ ಜನ ಮರಳಿ ಕೂಗಿದರು, ಯಾವ ಹಾಡನ್ನು ಮನೆಗೆ ಕೊಂಡೊಯ್ದರು, ಯಾವ ಮಾತನ್ನು ಮಕ್ಕಳಿಗೆ ಹೇಳಿದರು ಎಂಬುದು ಯಾವ ತಟ್ಟೆಯಲ್ಲಿಯೂ ಮುದ್ರಿತವಾಗಿಲ್ಲ. ಅದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕು.